ಹದ್ದಿನ ಹದ್ದು

"ಸಾರ್, ಅಮ್ಮಗಾರಿನಿ ಗದ್ದ ತನ್ನಿಂದಿ!"

2019ರ ಮಾರ್ಚ್ ತಿಂಗಳು. ಶಿವರಾತ್ರಿ ಮುಗಿದು ನಾಲ್ಕು ದಿನವಾಗಿತ್ತು. ಬ್ಯಾಂಕಿನಲ್ಲಿ ಪಿಂಚಣಿಯವರ ನೂಕುನುಗ್ಗಲು. ಅದರ ನಡುವೆ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಫೋನ್ ಮಾಡಿ ಇಷ್ಟು ಹೇಳಿದವನೇ ಏದುಸಿರು ಬಿಡತೊಡಗಿದ. ಹೈದರಾಬಾದಿಗೆ ಬಂದು ನನಗಾಗ ಒಂಬತ್ತು ವರ್ಷ. ತೆಲುಗು ಅರ್ಥವಾಗುತ್ತದೆ, ಬಾಯಿಬಿಟ್ಟರೆ ಎದುರಿನವರು ನಗುತ್ತಾರೆ. ನನ್ನ ತೆಲುಗು ಅಷ್ಟರದು. ಅದೂ ಗಾಬರಿಯಾದಾಗ ಮನಸ್ಸು ಊರಿನ ಮಾತಿಗೇ ಓಡುತ್ತದೆ ನೋಡಿ. ಗದ್ದ ಎಂದರೆ ಗದ್ದ. ಅವ್ವ ಮತ್ತೆ ಜಾರಿ ಬಿದ್ದು ಗದ್ದ ಒಡೆದುಕೊಂಡಿದ್ದಾಳೆ ಎಂದುಕೊಂಡು ಪಕ್ಕದ ಕೌಂಟರಿನವರಿಗೆ ಹೇಳಿ ಸ್ಕೂಟರ್ ಹತ್ತಿದೆ.

ಮನೆಗೆ ಬಂದರೆ ಅವ್ವ ನಡುಮನೆಯ ಕುರ್ಚಿಯಲ್ಲಿ ಕೂತಿದ್ದಳು. ನೆತ್ತಿಯ ಮೇಲೆ ಒಂದು ಹಿಡಿ ಅರಿಸಿನ. ಅದರ ಅಂಚಿನಿಂದ ಸಣ್ಣಗೆ ರಕ್ತ ಇಳಿದು ಕಿವಿಯ ಹಿಂದೆ ಒಣಗಿತ್ತು. ಸಂಡಿಗೆ ಹಿಟ್ಟಿನ ಸೌಟು ಇನ್ನೂ ಕೈಯಲ್ಲೇ ಇತ್ತು.

"ಗದ್ದಕ್ಕೇನಾಯ್ತವ್ವಾ?" ಎಂದೆ.

"ಗದ್ದಕ್ಕೆ ಯಾಕ್ಲಾ ಆದಾತು? ನೆತ್ತಿಗೆ. ಹದ್ದು ಒದೀತು."

ಆಗ ಹೊಳೆಯಿತು. ತೆಲುಗಿನಲ್ಲಿ ಹದ್ದಿಗೆ ಗದ್ದ ಎನ್ನುತ್ತಾರೆ. ವಾಚ್‌ಮನ್ ಸರಿಯಾಗಿಯೇ ಹೇಳಿದ್ದ. ತಾರಸಿಯ ಮೇಲೆ ಸಂಡಿಗೆ ಇಡಲು ಬಗ್ಗಿದ್ದವಳ ಹಿಂದಿನಿಂದ ಬಂದ ಹದ್ದು ನೆತ್ತಿಗೆ ಎರಡು ಗೆರೆ ಎಳೆದು ಹೋಗಿತ್ತು. ಡಾಕ್ಟರು ತೊಳೆದು, ಟಿ.ಟಿ. ಇಂಜೆಕ್ಷನ್ ಕೊಟ್ಟು, "ಮೊನ್ನೆ ಚಿಕ್ಕಡಪಲ್ಲಿಯಿಂದಲೂ ಒಬ್ಬರು ಬಂದಿದ್ದರು, ಈಗ ಇವುಗಳ ಸೀಸನ್" ಎಂದು ಮಾವಿನಹಣ್ಣಿನ ಸೀಸನ್ ಹೇಳಿದ ಹಾಗೆ ಹೇಳಿ ಕಳಿಸಿದರು.

ಅವ್ವ ನಮ್ಮಲ್ಲಿಗೆ ಬಂದದ್ದು ಅದರ ಹಿಂದಿನ ಡಿಸೆಂಬರಿನಲ್ಲಿ. ಅಪ್ಪ ತೀರಿಕೊಂಡ ಮೇಲೆ ತಿಪಟೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಏಳು ವರ್ಷ ಒಬ್ಬಳೇ ಇದ್ದಳು. ಎರಡೂವರೆ ಎಕರೆ ತೆಂಗಿನ ತೋಟ, ಅಟ್ಟದ ತುಂಬ ಕೊಬ್ಬರಿ, ಒಂದು ಹಸು, ಹತ್ತಾರು ಕೋಳಿ. ನವೆಂಬರಿನ ಒಂದು ರಾತ್ರಿ ಕೊಟ್ಟಿಗೆಯಲ್ಲಿ ಜಾರಿ ಎಡಗೈ ಮಣಿಕಟ್ಟು ಮುರಿದುಕೊಂಡಳು. ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಹಾಲಿಗೆ ಬಂದ ಹುಡುಗ ನೋಡಿ ಊರಿಗೆ ಹೇಳಿದ. ಆ ಒಂದು ರಾತ್ರಿಯನ್ನು ನೆನೆದರೆ ನನಗೆ ಇಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಕಾಚಿಗುಡಕ್ಕೆ ಕರೆದುಕೊಂಡು ಬಂದೆ. "ಕೈ ಸರಿಹೋಗೋ ತನಕ" ಎಂದು ಅವಳಿಗೆ ಹೇಳಿದ್ದೆ. ನನ್ನ ಲೆಕ್ಕ ಬೇರೆ ಇತ್ತು. ತೋಟಕ್ಕೆ ಒಬ್ಬ ಗಿರಾಕಿ ಸಿಕ್ಕಿದ್ದ. ಪಕ್ಕದ ತೋಟದ ದಾಯಾದಿಗಳದು ವರ್ಷಕ್ಕೊಂದು ಗೇಣು ಬೇಲಿ ಸರಿಸುವ ಕೆಲಸ, ಇವಳದು ಬಾಂದುಕಲ್ಲಿನ ಪಕ್ಕ ನಿಂತು ಜಗಳ ಆಡುವ ಕೆಲಸ. ಹದ್ದುಬಸ್ತಿಗೆ ಅರ್ಜಿ ಕೊಟ್ಟು, ಸರ್ವೇಯರ್ ಬರುವುದನ್ನು ಕಾದು ಕಾದು ಅಪ್ಪನೇ ಹೋಗಿಬಿಟ್ಟಿದ್ದರು. ಎಲ್ಲ ಮಾರಿ ಇವಳನ್ನು ಇಲ್ಲೇ ಇಟ್ಟುಕೊಳ್ಳುವುದು ಎಂದು ನಾನು ನಿಶ್ಚಯ ಮಾಡಿದ್ದೆ. ಹೇಳಲು ಒಳ್ಳೆಯ ಹೊತ್ತು ಕಾಯುತ್ತಿದ್ದೆ. ಒಳ್ಳೆಯ ಹೊತ್ತು ಬರಲಿಲ್ಲ, ಹದ್ದು ಬಂತು.

ಹೈದರಾಬಾದೆಂದರೆ ನಮ್ಮ ಕಡೆಯವರಿಗೆ ಚಾರ್‌ಮಿನಾರ್, ಬಿರಿಯಾನಿ, ಹೈಟೆಕ್ ಸಿಟಿ. ನಾರಾಯಣಗೂಡ ಇವು ಯಾವುವೂ ಅಲ್ಲ. ಹಿಮಾಯತ್‌ನಗರಕ್ಕೂ ಕಾಚಿಗುಡಕ್ಕೂ ನಡುವೆ, ಶಾಲೆ ಕಾಲೇಜು ಕೋಚಿಂಗು ಹಾಸ್ಟೆಲು ತುಂಬಿಕೊಂಡ ಹಳೆಯ ಬಡಾವಣೆ. ಆಗ ಮೆಟ್ರೋ ಕೆಲಸ ಕೊನೆಯ ಹಂತದಲ್ಲಿತ್ತು. ರೈಲು ಓಡಿದ್ದು 2020ರ ಫೆಬ್ರವರಿಯಲ್ಲಿ. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇವೆ. 1956ರವರೆಗೆ ಬೀದರ, ಗುಲ್ಬರ್ಗ, ರಾಯಚೂರಿನವರಿಗೆ ಇದೇ ರಾಜಧಾನಿ ಅಲ್ಲವೇ. ಆಗ ಓದಲು, ನೌಕರಿಗೆ ಎಂದು ಬಂದು ನೆಲೆಸಿದವರ ಮಕ್ಕಳು ಮೊಮ್ಮಕ್ಕಳು ಇಲ್ಲಿದ್ದಾರೆ. ಅವರ ಕನ್ನಡ ಅವ್ವನಿಗೆ ಅರ್ಧ, ಅವ್ವನ ಕನ್ನಡ ಅವರಿಗೆ ಮುಕ್ಕಾಲು ತಿಳಿಯುತ್ತಿತ್ತು. ಊರಿಂದ ನನಗೆ ಬರೆಸುತ್ತಿದ್ದ ಕಾಗದಗಳ ಮೇಲೆ ಅವ್ವ ಯಾವಾಗಲೂ "ನಾರಾಯಣಗೂಡು" ಎಂದೇ ವಿಳಾಸ ಹಾಕಿಸುತ್ತಿದ್ದಳು. ಗೂಡ ಎಂದರೆ ಗೂಡಲ್ಲವ್ವಾ, ಕೇರಿ ಇದ್ದ ಹಾಗೆ ಎಂದರೆ, "ಯಾವ್ದೋ ಒಂದು, ಬಂದು ಸೇರ್ತೈತಲ್ಲ" ಎನ್ನುತ್ತಿದ್ದಳು.

ನಮ್ಮ ಅಪಾರ್ಟ್‌ಮೆಂಟಿಗೆ ಅಂಟಿಕೊಂಡಂತೆ ಒಂದು ಹಳೆಯ ಬಂಗಲೆ. ಅದರ ಅಂಗಳದಲ್ಲಿ ಒಂದು ದೊಡ್ಡ ಬೇವಿನ ಮರ. ಮರದ ನೆತ್ತಿ ನಮ್ಮ ತಾರಸಿಗೆ ಸಮ. ಗೂಡು ಇದ್ದದ್ದು ಅಲ್ಲಿ, ನಮ್ಮ ಸಿಂಟೆಕ್ಸ್ ಟ್ಯಾಂಕಿನಿಂದ ಹತ್ತಿಪ್ಪತ್ತು ಅಡಿ ದೂರದ ಕವಲಿನಲ್ಲಿ. ಜನವರಿಯಲ್ಲಿ ಜೋಡಿ ಹದ್ದು ಕಾಲಿನಲ್ಲಿ ಕಡ್ಡಿ ಹಿಡಿದು ತರುವುದನ್ನು ಅವ್ವ ದಿನವೂ ನೋಡುತ್ತಿದ್ದಳು. ಬರೀ ಕಡ್ಡಿಯಲ್ಲ, ಮೆಟ್ರೋ ಕೆಲಸದ ಬೈಂಡಿಂಗ್ ತಂತಿ, ಹರಿದ ಬನೀನು, ಹಾಲಿನ ಪ್ಯಾಕೆಟ್ಟು, ಯಾರದೋ ಮನೆಯ ಕೆಂಪು ರಿಬ್ಬನ್ನು. "ನಮ್ಮ ಕಡೆ ಗುಜರಿಯೋನು ತುಂಬ್ಕೊಂಡಂಗೆ ತುಂಬ್ಕಂತಾ ಐತೆ" ಎಂದಳು ಅವ್ವ.

ಈ ಪ್ಲಾಸ್ಟಿಕ್ಕಿನ ವಿಷಯ ಆಮೇಲೆ ಓದಿದೆ. ಸ್ಪೇನ್ ದೇಶದ ದೊನ್ಯಾನದಲ್ಲಿ ಇದೇ ಜಾತಿಯ ಹದ್ದುಗಳನ್ನು ವರ್ಷಗಟ್ಟಲೆ ಗಮನಿಸಿದವರು 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದಿದ್ದಾರೆ. ಮೊಟ್ಟೆಯಿಡುವ ಮುಂಚೆ ಅವು ಗೂಡಿಗೆ ಬಿಳಿ ಪ್ಲಾಸ್ಟಿಕ್ ತಂದು ಹರಡುತ್ತವೆ. ಅದು ಅಲಂಕಾರವಲ್ಲ, ಬೇರೆ ಹದ್ದುಗಳಿಗೆ ಎಚ್ಚರಿಕೆ: ಈ ಜಾಗ ನನ್ನದು, ಕಾಯುವ ತಾಕತ್ತು ನನಗಿದೆ ಎಂದು. ಪ್ರಾಯದ ಬಲವಾದ ಹಕ್ಕಿಗಳು ಹೆಚ್ಚು ಹರಡುತ್ತವೆ. ಮುದಿಯವೂ ಎಳೆಯವೂ ಆ ಗೋಜಿಗೆ ಹೋಗುವುದಿಲ್ಲ. ಅವ್ವನಿಗೆ ಹೇಳಿದೆ. "ಅದಕ್ಕೆ ಸ್ಪೇನಿಗೆ ಯಾಕೆ ಹೋಗ್ಬೇಕು? ನಾನೂ ಬೇಲಿಗೆ ಬಿಳೀ ಬಟ್ಟೆ ಕಟ್ತಿರ್ಲಿಲ್ವಾ" ಎಂದಳು.

ಸಂಕ್ರಾಂತಿಯ ವಾರ ಹೈದರಾಬಾದಿನ ಆಕಾಶದಲ್ಲಿ ಗಾಳಿಪಟಗಳದೇ ರಾಜ್ಯ. ಇಂಗ್ಲಿಷಿನಲ್ಲಿ ಗಾಳಿಪಟಕ್ಕೂ ಹದ್ದಿಗೂ ಕೈಟ್ ಎಂಬ ಒಂದೇ ಹೆಸರು. ಒಂದೇ ಆಕಾಶದಲ್ಲಿ ಒಂದೇ ಹೆಸರಿನ ಎರಡು, ಒಂದರ ದಾರ ಇನ್ನೊಂದರ ಕುತ್ತಿಗೆಗೆ. ನೈಲಾನಿನ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶಾದ್ಯಂತ ನಿಷೇಧಿಸಿದೆ. ಆದರೂ ಹಬ್ಬ ಮುಗಿದ ಮೇಲೆ ನಮ್ಮ ಬೇವಿನ ಮರದಲ್ಲಿ ಐದಾರು ಹರಿದ ಪಟಗಳು ನೇತಾಡುತ್ತಿದ್ದವು. ಅವುಗಳ ದಾರ ಯಾವುದರದು ಎಂದು ಆಗ ನಾನು ನೋಡಲಿಲ್ಲ.

ಇಲ್ಲಿ ಹದ್ದು ಅಂದರೆ ಯಾವುದು ಎಂದು ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಪತ್ರಿಕೆಗಳಲ್ಲಿ ಕೊಕ್ಕು ಬಾಗಿದ್ದೆಲ್ಲ ಹದ್ದೇ. ಬೋಳು ಕುತ್ತಿಗೆಯ ರಣಹದ್ದಲ್ಲ. ಬಿಳಿ ಎದೆಯ, ಇಟ್ಟಿಗೆ ಬಣ್ಣದ ಗರುಡವಲ್ಲ. ಮೈಯೆಲ್ಲ ಕಂದು, ಬಾಲದ ತುದಿ ಕವಲು, ಆಕಾಶದಲ್ಲಿ ಕಿರುಗುಟ್ಟುತ್ತ ಸುತ್ತುವ, ಮೀನು ಮಾರ್ಕೆಟ್ಟಿನಲ್ಲಿ ಕಾಣುವ ಸಾಮಾನ್ಯ ಹದ್ದು. ಇಲ್ಲಿನ ಉರ್ದುವಿನಲ್ಲಿ ಚೀಲ್. ಗರುಡನಿಗೆ ಶನಿವಾರ ಕೈ ಮುಗಿಯುವ ನಮ್ಮ ಜನ ಇದಕ್ಕೆ ಕಲ್ಲು ಹೊಡೆಯುತ್ತಾರೆ. ತಮಾಷೆಯೆಂದರೆ 1832ರಲ್ಲಿ ಕರ್ನಲ್ ಸೈಕ್ಸ್ ಎಂಬ ಇಂಗ್ಲಿಷ್ ಸೇನಾಧಿಕಾರಿ ನಮ್ಮ ದಖ್ಖನಿನ ಹಕ್ಕಿಗಳನ್ನು ಪಟ್ಟಿಮಾಡಿದಾಗ ಈ ಹದ್ದಿಗೆ ಇಟ್ಟ ಹೆಸರು ಗೋವಿಂದ. ಈಗಲೂ ವಿಜ್ಞಾನದ ಪುಸ್ತಕಗಳಲ್ಲಿ ನಮ್ಮ ದೇಶದ ಹದ್ದಿನ ಉಪಜಾತಿ 'ಮಿಲ್ವಸ್ ಮೈಗ್ರಾನ್ಸ್ ಗೋವಿಂದ'. ವಾಹನ ಗರುಡ, ಯಜಮಾನನ ಹೆಸರು ಮಾತ್ರ ಇದಕ್ಕೆ. ಅವ್ವ ಕೇಳಿ ನಕ್ಕಳು. "ಅದಕ್ಕೇ ನನ್ನ ಸಂಡಿಗೆ ಗೋವಿಂದ ಆಯ್ತು."

ನೆತ್ತಿಗೆ ಏಟು ಬಿದ್ದ ಮೂರನೆಯ ದಿನ ಅಪಾರ್ಟ್‌ಮೆಂಟಿನ ಸಭೆ. ಅಷ್ಟರಲ್ಲಿ ಕೇಬಲ್ ಹುಡುಗನಿಗೂ, ಬಟ್ಟೆ ಒಣಹಾಕಲು ಹೋದ ಎರಡನೇ ಮಹಡಿಯ ಆಂಟಿಗೂ ಏಟು ಬಿದ್ದಿತ್ತು. ಮರ ಬಂಗಲೆಯದಾದರೂ ಕೊಂಬೆ ನಮ್ಮ ಕಡೆ ಚಾಚಿದೆ, ಕಡಿಸಿಬಿಡೋಣ ಎಂದರು ಕಾರ್ಯದರ್ಶಿಗಳು. ಹದ್ದು ಮನೆಯ ಮೇಲೆ ಕೂತರೆ ಒಳ್ಳೆಯದಲ್ಲ ಎಂದು ಇನ್ನೊಬ್ಬರು. ಗಾಯವಾದವರ ಪರವಾಗಿ ನಾನೇ ಮಾತಾಡಬೇಕೆಂದು ಎಲ್ಲರೂ ನನ್ನ ಕಡೆ ತಿರುಗಿದರು. ನಿಜ ಹೇಳುತ್ತೇನೆ, ಕಡಿಸಿ ಎನ್ನಲು ನಾನು ಬಾಯಿ ತೆರೆದಿದ್ದೆ. ಎಪ್ಪತ್ತೊಂದು ವರ್ಷದ ತಾಯಿಯ ನೆತ್ತಿ ನೋಡಿದ ಯಾವ ಮಗನೂ ಬೇರೆ ಏನು ಹೇಳಿಯಾನು?

ಮೂಲೆಯಲ್ಲಿ ಕೂತಿದ್ದ ಅವ್ವ ಎದ್ದಳು. ಮಾತು ಕನ್ನಡದಲ್ಲಿ, ತಿಪಟೂರಿನ ಕನ್ನಡದಲ್ಲಿ. "ಮರಿ ಆಗೈತೆ. ಮರಿ ಇರೋ ಗೂಡು ಕೀಳ್ಬಾರ್ದು. ಇನ್ನೊಂದು ಒಂದೂವರೆ ತಿಂಗ್ಳು. ಆಮ್ಯಾಕೆ ಅದೇ ಸುಮ್ಕಾಗ್ತೈತೆ. ಅಲ್ಲೀಗಂಟ ನಾವೇ ವಸಿ ದೂರ ನಿಲ್ಲಾಣ." ಎಷ್ಟು ಅರ್ಥವಾಯಿತೋ, ನೆತ್ತಿಯ ಬ್ಯಾಂಡೇಜು ಎಲ್ಲರಿಗೂ ಅರ್ಥವಾಯಿತು. ನನಗೆ ಇನ್ನೊಂದು ದಾರಿ ಉಳಿಯಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದಕ್ಕೂ ಅನ್ವಯಿಸುತ್ತದೆ, ಗೂಡು ಕಿತ್ತರೆ ಅಪರಾಧ ಎಂದು ನನ್ನ ಮಗಳು ಮೊಬೈಲಿನಲ್ಲಿ ಹುಡುಕಿಕೊಟ್ಟಿದ್ದನ್ನು ಓದಿದೆ. ಕಾರ್ಯದರ್ಶಿಗಳು ಕಾನೂನಿಗೆ ಹೆದರಿದರೋ ಅವ್ವನಿಗೋ ತಿಳಿಯದು, ಒಂದೂವರೆ ತಿಂಗಳ ಗಡುವು ಕೊಟ್ಟರು.

ಮಾರನೆಯ ಬೆಳಿಗ್ಗೆ ಅವ್ವ ತಲೆಯ ಮೇಲೆ ಮೊರ ಇಟ್ಟುಕೊಂಡು ತಾರಸಿಗೆ ಹೋದಳು. ನಾನು ಬಾಗಿಲ ಬಳಿ ಹೆಲ್ಮೆಟ್ ಹಾಕಿಕೊಂಡು ನಿಂತೆ. ಅವಳು ಒಂದೊಂದೇ ಹೆಜ್ಜೆ ಮುಂದಿಟ್ಟು ನಿಲ್ಲುವುದು, ಮರದ ಕಡೆ ನೋಡುವುದು. ಮೊದಲ ಟ್ಯಾಂಕಿನವರೆಗೆ ಹದ್ದು ಸುಮ್ಮನೆ ಕತ್ತು ತಿರುಗಿಸಿ ನೋಡಿತು. ಮುಂದೆ ನಾಲ್ಕು ಹೆಜ್ಜೆಗೆ ಒಂದು ಸಲ ಕೂಗಿತು. ಇನ್ನೆರಡು ಹೆಜ್ಜೆಗೆ ರೆಕ್ಕೆ ಬಿಚ್ಚಿತು. ಅವ್ವ ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು. ಅದು ರೆಕ್ಕೆ ಮಡಿಚಿತು. ಮತ್ತೆ ಮುಂದಕ್ಕೆ, ಮತ್ತೆ ಬಿಚ್ಚಿತು. "ಇಲ್ಲಿ" ಎಂದಳು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಇಟ್ಟಿಗೆ ಚೂರು ತೆಗೆದು ಸಿಮೆಂಟಿನ ಮೇಲೆ ಅಡ್ಡಗೆರೆ ಎಳೆದಳು. ಹದ್ದಿಗೆ ಬೆನ್ನು ಮಾತ್ರ ತೋರಿಸಲಿಲ್ಲ. ಅದು ಹಿಂದಿನಿಂದಲೇ ಬರುತ್ತದೆ, ಕಣ್ಣಿಗೆ ಕಣ್ಣಿಟ್ಟರೆ ಹಿಂಜರಿಯುತ್ತದೆ ಎಂಬುದನ್ನು ಒಂದೇ ಏಟಿನಲ್ಲಿ ಕಲಿತಿದ್ದಳು.

ಹದ್ದು ಎಂಬ ಮಾತು ನಮ್ಮಲ್ಲಿ ಎರಡು. ಒಂದು ಹಕ್ಕಿ. ಇನ್ನೊಂದು ಎಲ್ಲೆ, ಅರಬ್ಬಿಯಿಂದ ಉರ್ದುವಿಗೆ ಬಂದು, ನಮ್ಮ ಕಂದಾಯ ಇಲಾಖೆಯಲ್ಲಿ ಹದ್ದುಬಸ್ತಾಗಿ ಕೂತದ್ದು. ತಿಪಟೂರಿನಲ್ಲಿ ಸರ್ವೇಯರ್ ಬಂದು ಮಾಡದ ಕೆಲಸವನ್ನು ನಾರಾಯಣಗೂಡದ ತಾರಸಿಯ ಮೇಲೆ ಅವ್ವ ಒಂದು ಇಟ್ಟಿಗೆ ಚೂರಿನಲ್ಲಿ ಮಾಡಿ ಮುಗಿಸಿದಳು. ಅಲ್ಲಿಂದ ಮುಂದೆ ಗೆರೆಯ ಈಚೆ ಬಟ್ಟೆ, ಸಂಡಿಗೆ, ಮಕ್ಕಳ ಶಟಲ್ಕಾಕು, ಆಚೆ ಹದ್ದಿನದು. ಗೆರೆ ದಾಟದವರಿಗೆ ಮತ್ತೆ ಏಟು ಬೀಳಲಿಲ್ಲ.

ದೆಹಲಿಯಲ್ಲಿ ಹದ್ದುಗಳನ್ನು ಅಧ್ಯಯನ ಮಾಡಿದ ನಿಶಾಂತ್ ಕುಮಾರ್ ಮತ್ತು ಸಂಗಡಿಗರು 2018ರಲ್ಲಿ ಈ ಸಿಟ್ಟಿನ ಬಗ್ಗೆಯೇ ಬರೆದಿದ್ದಾರೆ. ಜನರ ನಡುವೆ, ಕಸದ ರಾಶಿಯ ಪಕ್ಕ, ಭಕ್ತಿಯಿಂದ ಮಾಂಸದ ಚೂರು ಎಸೆಯುವವರ ಹತ್ತಿರ ಗೂಡು ಕಟ್ಟಿದ ಹದ್ದುಗಳೇ ಮನುಷ್ಯರ ಮೇಲೆ ಹೆಚ್ಚು ಎರಗುತ್ತವಂತೆ. ನಮ್ಮ ಅನ್ನವನ್ನೇ ಉಂಡು ನಮಗೇ ಒದೆಯುತ್ತವೆ ಎಂದು ಕಾರ್ಯದರ್ಶಿಗಳು ಹೇಳಿಯಾರು. ನನಗನ್ನಿಸುವುದು, ಬಳಕೆಯಿಂದ ಭಯ ಹೋಗಿರುತ್ತದೆ. ಕಾಡಿನ ಹದ್ದಿಗೆ ಮನುಷ್ಯನೆಂದರೆ ಏನೋ. ನಮ್ಮ ಬೀದಿಯ ಹದ್ದಿಗೆ ಭಾನುವಾರ ಕೋಳಿ ಅಂಗಡಿಯ ಮುಂದೆ ಸಾಲು ನಿಂತ ಲುಂಗಿಯವನು.

ಆ ಒಂದೂವರೆ ತಿಂಗಳು ಅವ್ವನ ದಿನಚರಿಯೇ ಬೇರೆಯಾಯಿತು. ಗೆರೆಯ ಈಚೆ ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಕೊಡೆ. ಸಂಜೆ ನಾನು ಬಂದರೆ ವರದಿ. ಗಂಡು ಆಹಾರ ತರುವುದು ಹೆಚ್ಚು, ಹೆಣ್ಣು ಗೂಡು ಬಿಡುವುದು ಕಡಿಮೆ. ತಂದದ್ದನ್ನು ಕಾಲಿನಲ್ಲಿ ಅಮುಕಿ, ಕೊಕ್ಕಿನಿಂದ ಎಳೆ ಎಳೆಯಾಗಿ ಸೀಳಿ ಮರಿಯ ಬಾಯಿಗೆ ಇಡುತ್ತದೆ. ಅಷ್ಟು ದೊಡ್ಡ ಕೊಕ್ಕು, ಅಷ್ಟು ಸಣ್ಣ ಬಾಯಿ. "ಬಾಣಂತಿ ಮಗೀಗೆ ಒಳ್ಳೆಲಿ ಹಾಲು ಹಾಕ್ದಂಗೆ" ಎಂದಳು. ಇಲಿ ಬಂತು, ಕೋಳಿಯ ಕರುಳು ಬಂತು, ಒಂದು ದಿನ ಓತಿಕ್ಯಾತ, ಒಂದು ದಿನ ಯಾರದೋ ಮದುವೆ ಮನೆಯ ಮಟನ್ ಮೂಳೆ. ಮಧ್ಯಾಹ್ನದ ಬಿಸಿಲಿನಲ್ಲಿ ತಾಯಿ ಸೂರ್ಯನಿಗೆ ಬೆನ್ನು ಕೊಟ್ಟು, ರೆಕ್ಕೆ ಅರ್ಧ ಬಿಚ್ಚಿ, ಬಾಯಿ ತೆರೆದು ಏದುತ್ತ ಮರಿಗಳಿಗೆ ನೆರಳಾಗಿ ನಿಲ್ಲುತ್ತಿತ್ತು. ಬಿಸಿಲು ತಿರುಗಿದಂತೆ ತಾನೂ ತಿರುಗುತ್ತಿತ್ತು. ಭಾನುವಾರಗಳಲ್ಲಿ ನಾನೂ ನೋಡುತ್ತ ಕೂತಿದ್ದೇನೆ. ಎರಡು ಗಂಟೆಯಲ್ಲಿ ಅದು ಒಮ್ಮೆಯೂ ನೆರಳಿಗೆ ಹೋಗಲಿಲ್ಲ.

ಮರಿಗಳು ಮೂರು. ಒಂದು ದೊಡ್ಡದು, ಒಂದು ನಡುವಿನದು, ಒಂದು ಕುನ್ನಿ. ಮೊದಲ ಮೊಟ್ಟೆ ಇಟ್ಟ ಹೊತ್ತಿಗೇ ಕಾವು ಶುರುವಾಗುವುದರಿಂದ ಮರಿಗಳು ಒಟ್ಟಿಗೆ ಹೊರಬರುವುದಿಲ್ಲ, ಒಂದೆರಡು ದಿನ ಹಿಂದುಮುಂದು. ಆ ಒಂದೆರಡು ದಿನವೇ ಸಾಕು. ಊಟ ಬಂದಾಗ ದೊಡ್ಡದು ಮೊದಲು ಬಾಯಿ ಚಾಚುತ್ತದೆ, ಸಣ್ಣದನ್ನು ಕುಕ್ಕುತ್ತದೆ. ತಾಯಿ ಚಾಚಿದ ಬಾಯಿಗೆ ಇಡುತ್ತದೆಯೇ ಹೊರತು ಸರದಿ ನೋಡುವುದಿಲ್ಲ. ಹೋಳಿಯ ಹಿಂದಿನ ದಿನ ನಾನು ಬಂದಾಗ ಅವ್ವ ಕುರ್ಚಿ ಮಡಿಚಿಟ್ಟು ಒಳಗೆ ಕೂತಿದ್ದಳು. ಕುನ್ನಿ ಸತ್ತಿತ್ತು. "ತಾಯಿ ಒಂದೇ ಒಂದ್ಸಲ ಅದರ ಬಾಯಿ ಮುಟ್ಟಿ ನೋಡ್ತು, ಆಮ್ಯಾಕೆ ಉಳಿದೆಲ್ಡಕ್ಕೆ ತಿನ್ಸೋಕೆ ಕೂತ್ಕಂತು" ಎಂದಳು. ನನ್ನ ಮಗಳು ಅತ್ತಳು. ಅವ್ವ ಅಳಲಿಲ್ಲ, ರಾತ್ರಿ ಊಟ ಮಾತ್ರ ಅರ್ಧಕ್ಕೆ ಬಿಟ್ಟಳು.

ನನಗೆ ವಿಚಿತ್ರವೆನಿಸುತ್ತಿದ್ದದ್ದು ಇನ್ನೊಂದು. ಇದೇ ಅವ್ವ ಊರಿನಲ್ಲಿ ಹದ್ದಿನ ಬದ್ಧ ವೈರಿ. ಕೋಳಿಮರಿ ಕಾಯಲು ಎಂದೇ ನನ್ನನ್ನು ಅಂಗಳದಲ್ಲಿ ಕೂರಿಸುತ್ತಿದ್ದಳು. ನೆಲದ ಮೇಲೆ ಆ ನೆರಳು ಸರಿದರೆ ಸಾಕು, ಹೇಂಟೆ ಗಂಟಲಲ್ಲೇ ಒಂದು ಸದ್ದು ಮಾಡುತ್ತಿತ್ತು, ಮರಿಗಳೆಲ್ಲ ರೆಕ್ಕೆಯಡಿಗೆ. ಮರಿ ಹೋದ ದಿನ ನನಗೆ ಬೈಗುಳ, ಹದ್ದಿಗೆ ಶಾಪ. ಅದನ್ನು ನೆನಪಿಸಿದೆ. "ಅಲ್ಲಿ ನನ್ ಕೋಳಿ ಇದ್ವು" ಎಂದಳು. ಅಷ್ಟೇ. ಅಲ್ಲಿ ಅವಳದೆಂದು ಕೋಳಿ ಇದ್ದವು, ಇಲ್ಲಿ ಏನೂ ಇಲ್ಲ ಎಂಬುದು ನನಗೆ ತಡವಾಗಿ ಹೊಳೆಯಿತು.

ಏಪ್ರಿಲ್ ಎರಡನೆಯ ವಾರ. ಮರಿಗಳು ತಾಯಿಯಷ್ಟೇ ದೊಡ್ಡವಾಗಿ, ಮೈಮೇಲೆ ತಿಳಿ ಚುಕ್ಕಿಗಳ ಹೊಸ ಗರಿ ಬಂದು, ಗೂಡಿನಿಂದ ಕೊಂಬೆಗೆ, ಕೊಂಬೆಯಿಂದ ಗೂಡಿಗೆ ಕುಪ್ಪಳಿಸುತ್ತಿದ್ದವು. ಒಂದು ಸಂಜೆ ಜೋರು ಗಾಳಿ, ನಾಲ್ಕು ಹನಿ ಮಳೆ. ಗಾಳಿ ನಿಂತ ಮೇಲೆ ಅವ್ವ ಮೇಲಿನಿಂದ ಕೂಗಿದಳು. ಹೋಗಿ ನೋಡಿದರೆ ದೊಡ್ಡ ಮರಿ ಕೊಂಬೆಯ ಕೆಳಗೆ ತಲೆಕೆಳಗಾಗಿ ನೇತಾಡುತ್ತಿತ್ತು. ಒಂದು ಕಾಲಿಗೆ ಸಂಕ್ರಾಂತಿಯ ಮಾಂಜಾ. ರೆಕ್ಕೆ ಬಡಿದಷ್ಟೂ ಬಿಗಿಯುತ್ತಿತ್ತು. ತಂದೆ ತಾಯಿ ಎರಡೂ ಸುತ್ತುತ್ತ ಕೂಗುತ್ತಿದ್ದವು. ಎಷ್ಟು ಕೂಗಿದರೂ ದಾರ ಬಿಡಿಸುವುದು ಅವುಗಳಿಗೆ ಆಗುವ ಕೆಲಸವಲ್ಲ.

ಯಾರಿಗೋ ಫೋನ್ ಮಾಡೋಣವೆಂದೆ. ಕತ್ತಲಾಗುತ್ತಿತ್ತು. ಅವ್ವ ಆಗಲೇ ವಾಚ್‌ಮನ್ ಕೈಲಿ ಜೇಡರ ಬಲೆ ತೆಗೆಯುವ ಉದ್ದನೆಯ ಗಳ ತರಿಸಿದ್ದಳು. ಅದರ ತುದಿಗೆ ತರಕಾರಿ ಚಾಕು ಕಟ್ಟಿ ನನ್ನ ಕೈಗೆ ಕೊಟ್ಟಳು. "ಹೋಗು."

"ಗೆರೆ ದಾಟ್ಬೇಕಲ್ಲವ್ವಾ."

"ದಾಟು."

ಹೆಲ್ಮೆಟ್, ಮೇಲೆ ಬ್ಯಾಂಕಿನ ಚಳಿಗಾಲದ ಜಾಕೆಟ್. ಗೆರೆಯಿಂದ ಎರಡು ಹೆಜ್ಜೆ ಇಟ್ಟಿದ್ದೆ, ಹೆಲ್ಮೆಟ್ಟಿನ ಮೇಲೆ ಯಾರೋ ತೆಂಗಿನಕಾಯಿ ಒಡೆದಂತಾಯಿತು. ಕಣ್ಣು ಬಿಡುವಷ್ಟರಲ್ಲಿ ಇನ್ನೊಂದು. ಕೈಪಿಡಿ ಗೋಡೆಗೆ ಎದೆ ಒತ್ತಿ ಗಳ ಚಾಚಿದೆ. ಕೈ ನಡುಗುತ್ತಿತ್ತು, ಚಾಕು ದಾರಕ್ಕಿಂತ ಮರಿಗೇ ತಗುಲುತ್ತದೇನೋ ಎಂಬ ಹೆದರಿಕೆ. ಅವ್ವ ನನ್ನ ಬೆನ್ನಿಗೆ ಬೆನ್ನು ಕ‌ೊಟ್ಟು ನಿಂತು ಮೊರ ಬೀಸುತ್ತಿದ್ದಳು. ಹದ್ದಿಗೆ ಬೈಯುತ್ತಲೂ ಇದ್ದಳು, ನನಗೂ ಹೇಳುತ್ತಿದ್ದಳು. "ಮೇಲಕ್ಕೆ ಹಿಡೀಲಾ, ಕಾಲತ್ರ ಬ್ಯಾಡ, ಕೊಂಬೆತ್ರ ಕುಯ್ಯಿ." ಹೆಣ್ಣು ಹದ್ದು ಮೂರನೆಯ ಸಲ ಬಂದಾಗ ಉಗುರು ಜಾಕೆಟ್ ಸೀಳಿ ಹೆಗಲಿಗೆ ತಾಗಿತು. ಅಷ್ಟರಲ್ಲಿ ದಾರ ಹರಿಯಿತು. ಮರಿ ಒಂದಾಳುದ್ದ ಕೆಳಗೆ ಬಿದ್ದು ಇನ್ನೊಂದು ಕೊಂಬೆಯನ್ನು ತಬ್ಬಿ ಹಿಡಿಯಿತು. ಕಾಲಲ್ಲಿ ಗೇಣುದ್ದ ದಾರ ಉಳಿದಿತ್ತು. ನಾವು ಗೆರೆಯ ಈಚೆಗೆ ಓಡಿಬಂದೆವು. ಆ ಹದ್ದು ಗೆರೆಯವರೆಗೂ ಅಟ್ಟಿಸಿಕೊಂಡು ಬಂದು, ಟ್ಯಾಂಕಿನ ಮೇಲೆ ಕೂತು ನಮ್ಮನ್ನೇ ನೋಡಿತು. ಉಪಕಾರ ಸ್ಮರಣೆಯೆಲ್ಲ ಏನೂ ಇರಲಿಲ್ಲ.

ರಾತ್ರಿ ಹೆಗಲಿಗೆ ಅರಿಸಿನ ಒತ್ತುತ್ತ ಅವ್ವ ಕೇಳಿದಳು. "ಗಿರಾಕಿ ಎಷ್ಟು ಹೇಳವ್ನೆ?"

ನನಗೆ ಉಸಿರು ನಿಂತಂತಾಯಿತು. ಹಾಲಿನ ಹುಡುಗ ಜನವರಿಯಲ್ಲೇ ಫೋನ್ ಮಾಡಿ ಹೇಳಿದ್ದನಂತೆ, ತೋಟ ಅಳೆದು ನೋಡಲು ಯಾರೋ ಬಂದಿದ್ದರು ಎಂದು. "ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ" ಎಂದಳು. ಸಿಟ್ಟಿರಲಿಲ್ಲ ದನಿಯಲ್ಲಿ, ಇದ್ದಿದ್ದರೆ ಸುಲಭವಾಗುತ್ತಿತ್ತು. ನಾನು ನನ್ನ ವಾದ ಹೇಳಿದೆ. ಮತ್ತೆ ಬಿದ್ದರೆ? ರಾತ್ರಿ ಬಿದ್ದರೆ? ಇಡೀ ರಾತ್ರಿ ಹಾಗೆ ಬಿದ್ದಿದ್ದರೆ?

"ಬಿದ್ರೆ ಬಿದ್ದೆ. ಇಲ್ಲಿ ನನ್ನ ಪಾಡಿಗೆ ಸಂಡಿಗೆ ಇಡ್ತಿದ್ದೆ, ಹದ್ದೇ ಬಂದು ಒದ್ದು ಹೋಯ್ತು."

ಹೆಂಡತಿ ಅಡುಗೆಮನೆಯಲ್ಲಿ ನಕ್ಕುಬಿಟ್ಟಳು. ನಾನು ನಗಲಿಲ್ಲ. ಆ ರಾತ್ರಿ ತುಂಬ ಹೊತ್ತು ಮಾತಾಡಿದೆವು. ತೋಟ ಮಾರುವುದಿಲ್ಲ ಎಂದೆ, ಆದರೆ ರಾತ್ರಿ ಮಲಗಲು ಹಾಲಿನ ಹುಡುಗನ ಅತ್ತೆ ಬರಬೇಕು, ಫೋನು ದಿಂಬಿನ ಕೆಳಗೆ ಇರಬೇಕು, ಹಸು ಮಾರಬೇಕು. ಹಸು ಮಾರುವುದಕ್ಕೆ ಒಪ್ಪಲು ಇನ್ನೂ ಮೂರು ದಿನ ತೆಗೆದುಕೊಂಡಳು.

ಏಪ್ರಿಲ್ ಕೊನೆಗೆ ನಡುವಿನ ಮರಿ ಹಾರಿತು. ದಾರದ ಮರಿ ಒಂದು ವಾರ ತಡ. ಕಾಲೂರಿ ಕೂರುವಾಗ ಸ್ವಲ್ಪ ವಾಲುತ್ತಿತ್ತು. ಹಾರಿದ ಮೇಲೂ ಎರಡೂ ದಿನಾ ಗೂಡಿಗೆ ಬಂದು ಊಟಕ್ಕಾಗಿ ಕಿರುಚುತ್ತಿದ್ದವು, ತಂದೆ ತಾಯಿ ತಂದು ಕೊಡುತ್ತಿದ್ದವು. ಮೇ ಕೊನೆಯಲ್ಲಿ ಅದೂ ನಿಂತಿತು. ಅವ್ವ ಆ ವಾರವೇ ಹೊರಟಳು. ಕಾಚಿಗುಡ ಸ್ಟೇಷನ್ನಿನಲ್ಲಿ ರೈಲು ಬಿಡುವವರೆಗೂ ಕಿಟಕಿಯಿಂದ ಮಗಳಿಗೆ ಹೇಳುತ್ತಿದ್ದಳು, ಸಂಕ್ರಾಂತಿ ಆದ ಮೇಲೆ ಮರದ ದಾರವನ್ನೆಲ್ಲ ಗಳದಲ್ಲಿ ತೆಗೆಸು, ಮರೀಬ್ಯಾಡ.

2020ರ ಜನವರಿಯಲ್ಲಿ ಅದೇ ಗೂಡಿಗೆ ಹದ್ದು ಬಂದವು. ಅವೇನೋ ಬೇರೆಯವೋ ಎಂದು ಗುರುತಿಸುವಷ್ಟು ನಾನು ಜಾಣನಲ್ಲ. ದಾರಗಳನ್ನು ಮಗಳು ತೆಗೆಸಿದ್ದಳು. ಮಾರ್ಚ್ ಕೊನೆಗೆ ರೈಲು, ಬಸ್ಸು ಎಲ್ಲ ನಿಂತವು. ಕೋಳಿ ಅಂಗಡಿ ಮುಚ್ಚಿದ್ದ ದಿನಗಳಲ್ಲಿ ಗಂಡು ಹದ್ದು ತುಂಬ ಹೊತ್ತು ಕಾಣುತ್ತಿರಲಿಲ್ಲ. ಅವ್ವ ಅಲ್ಲಿ, ನಾವು ಇಲ್ಲಿ. ಯಾರೂ ಯಾರಲ್ಲಿಗೂ ಹೋಗುವಂತಿರಲಿಲ್ಲ. ದಿನಾ ಸಂಜೆ ಏಳಕ್ಕೆ ಫೋನು. ಹುಷಾರಾಗಿದ್ದೀಯಾ ಎಂದು ನಾನು ಕೇಳುವ ಮುಂಚೆ ಅವಳ ಪ್ರಶ್ನೆ ಬರುತ್ತಿತ್ತು.

"ಎಷ್ಟು ಮರಿ?"

"ಮೂರು. ಮೂರೂ ಗಟ್ಟಿಯಾಗವೆ ಈ ಸಲ."

"ಗೆರೆ ಐತೇನ್ಲಾ?"

"ಮಳೇಲಿ ಅಳಿಸಿಹೋಗಿತ್ತು. ಇವತ್ತು ಮತ್ತೆ ಎಳೆದೆ. ನೀನು ಎಳೆದಿದ್ದ ಜಾಗದಲ್ಲೇ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ತೋಟದ ಜೀರುಂಡೆ ಸದ್ದು ಕೇಳುತ್ತಿತ್ತು.

"ಅಲ್ಲಲ್ಲ, ಇನ್ನೆಲ್ಡು ಹೆಜ್ಜೆ ಈಚೆಗೆ ಎಳಿ" ಎಂದಳು. "ಮೂರ್ ಮರಿ ಅಂದ್ಯಲ್ಲ."